ಕತ್ತಲೆ ಇಲಾಖೆ

ಊರಿಗೆ ಬೆಳಕು ಕೊಟ್ಟು ಸಂಬಳ ತೆಗೆದುಕೊಳ್ಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಕತ್ತಲು ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದವನು ಇವನೊಬ್ಬನೇ. ಗುರುತಿನ ಚೀಟಿಯಲ್ಲೇನೋ ಲೈಟಿಂಗ್ ಟೆಕ್ನಿಷಿಯನ್ ಎಂದೇ ಇತ್ತು. ಜೊತೆಗೆ ಕೆಲಸ ಮಾಡುವವರು ಮಾತ್ರ ಕತ್ತಲಪ್ಪ ಎಂದು ಕರೆಯುತ್ತಿದ್ದರು. ಹೆಂಡತಿ ಸಿಟ್ಟು ಬಂದಾಗ, "ನಮ್ಮನೆಯವರದು ಕತ್ತಲೆ ಇಲಾಖೆ" ಎನ್ನುತ್ತಿದ್ದಳು. ಈಚೆಗೆ ಅವಳಿಗೆ ಸಿಟ್ಟು ದಿನಾ ಬರುತ್ತಿತ್ತು.

ಅವಳ ತಪ್ಪೇನೂ ಇಲ್ಲ. ನಿದ್ದೆ ಬಾರದವರಿಗೆ ಬರುವುದು ಸಿಟ್ಟೊಂದೇ.

ಊರಾಚೆಯ ಥೀಮ್ ಪಾರ್ಕಿನ ಹಿಂಭಾಗದಲ್ಲಿ, ಕಿಟಕಿಯೇ ಇಲ್ಲದ ಒಂದು ದೊಡ್ಡ ತಗಡಿನ ಶೆಡ್ಡಿತ್ತು. ಹೊಸ ರೈಡ್ ತಯಾರಾಗುತ್ತಿದ್ದದ್ದು ಅದರೊಳಗೆ. ನಾಲ್ಕು ಜನ ಕೂರುವಂಥ ಪುಟ್ಟ ಬಂಡಿಗಳು ಹಳಿಯ ಮೇಲೆ ನಿಧಾನವಾಗಿ ಸಾಗಿ ಒಂದು ಕತ್ತಲ ಕೋಣೆಯಿಂದ ಇನ್ನೊಂದು ಕತ್ತಲ ಕೋಣೆಗೆ ಹೋಗಬೇಕು. ಕಾಡು ಬರಬೇಕು, ಹೊಳೆ ಬರಬೇಕು, ಚಂದ್ರನನ್ನು ಹುಡುಕಿಕೊಂಡು ಹೊರಟ ಆನೆಮರಿಯೊಂದು ದಾರಿಯುದ್ದಕ್ಕೂ ಸಿಗಬೇಕು. ದೆವ್ವ ಇಲ್ಲ, ಕಿರುಚಾಟ ಇಲ್ಲ. ಮೊಮ್ಮಗುವಿನಿಂದ ಅಜ್ಜಿಯವರೆಗೆ ಇಡೀ ಮನೆಯೇ ಒಂದೇ ಬಂಡಿಯಲ್ಲಿ ಕೂತು ನೋಡುವಂಥದ್ದು. "ಇದು ಹೆದರಿಸೋ ಕತ್ತಲಲ್ಲ ಕಣ್ರಯ್ಯಾ, ಮುದ್ದು ಮಾಡೋ ಕತ್ತಲು" ಎಂದು ಸೂಪರ್‌ವೈಸರ್ ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದ. ಮುದ್ದು ಮಾಡುವ ಕತ್ತಲನ್ನು ತಯಾರಿಸಬೇಕಾದವನಿಗೆ ಆ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಕತ್ತಲು ಅಂದರೆ ದೀಪ ಆರಿಸಿದ ಕೂಡಲೇ ಬರುತ್ತದೆ ಎಂದು ನಾವು ನೀವು ತಿಳಿದುಕೊಂಡಿದ್ದೇವೆ. ಅದು ಅಷ್ಟು ಸುಲಭಕ್ಕೆ ಬರುವ ಗಿರಾಕಿಯಲ್ಲ. ತಗಡಿನಲ್ಲಿ ಮೊಳೆ ಹೊಡೆದ ತೂತು, ಬಾಗಿಲಡಿಯ ಸಂದು, ಯಾವುದೋ ಯಂತ್ರದ ಮೂತಿಯಲ್ಲಿ ಉರಿಯುವ ಕೆಂಪು ಚುಕ್ಕೆ, ಎಲ್ಲ ಕಡೆಯಿಂದಲೂ ಬೆಳಕು ನುಸುಳುತ್ತದೆ. ಇವನು ಒಳಗೆ ಕೂತು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದು, ಒಂದೊಂದನ್ನೇ ಹುಡುಕಿ ಕಪ್ಪು ಟೇಪು ಅಂಟಿಸಬೇಕು. ದೊಡ್ಡ ತೂತು ಮುಚ್ಚಿದರೆ ಸಣ್ಣದು ಕಾಣುತ್ತದೆ. ಸಣ್ಣದನ್ನು ಮುಚ್ಚಿದರೆ ಅಷ್ಟು ದಿನ ಇದ್ದೂ ಇಲ್ಲದಂತಿದ್ದ ಇನ್ನೂ ಸಣ್ಣದು ಕಣ್ಣು ಬಿಡುತ್ತದೆ. ಕತ್ತಲು ಹೆಚ್ಚಾದಷ್ಟೂ ತೂತು ಹೆಚ್ಚು. ಮುಗಿಯುವ ಬಾಳಲ್ಲ.

ಪಾರ್ಕಿನ ಗೇಟು ತೆರೆಯುವ ಮುಂಚೆ ಒಂದು ಪಾಳಿ, ಗೇಟು ಮುಚ್ಚಿದ ಮೇಲೆ ಇನ್ನೊಂದು ಪಾಳಿ. ನಡುವೆ ಮನೆಗೆ ಬಂದು ಹೋಗೋಣವೆಂದರೆ ಮನೆಯೇನು ಪಕ್ಕದ ಬೀದಿಯಲ್ಲಿರಲಿಲ್ಲ. ಹೀಗಾಗಿ ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಕೊನೆಯ ಬಸ್ಸಿಗೆ ವಾಪಸ್. ರಜೆಯ ದಿನ ಪಾರ್ಕಿಗೆ ಜನ ಹೆಚ್ಚು, ಆದ್ದರಿಂದ ರಜೆಯೂ ಇಲ್ಲ. ಒಮ್ಮೆಯಂತೂ ಬಸ್ಸು ತಪ್ಪಿ ಶೆಡ್ಡಿನಲ್ಲೇ ಮಲಗಿದ್ದ. ಬಂಡಿಗಳ ಪರೀಕ್ಷೆಗೆಂದು ಜನರ ತೂಕಕ್ಕೆ ಸರಿಯಾಗಿ ಮರಳಿನ ಮೂಟೆಗಳನ್ನು ಕೂರಿಸಿ ಓಡಿಸುತ್ತಿದ್ದರು. ದಪ್ಪ ಮೂಟೆಗೆ ಮಾವನವರು, ಅದರ ಪಕ್ಕದ್ದಕ್ಕೆ ಅತ್ತೆಯವರು ಎಂದು ಹೆಸರು. ಆ ರಾತ್ರಿ ಮಾವನವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಯಿತು. ಸ್ವಂತ ಮಾವ ಒಂದು ದಿನವೂ ಅಷ್ಟು ಅಕ್ಕರೆ ತೋರಿಸಿರಲಿಲ್ಲ.

ಇನ್ನು ಮನೆ. ಒಂದು ಅಡುಗೆಮನೆ, ಒಂದು ಕೋಣೆ. ಗಂಡ, ಹೆಂಡತಿ, ಎರಡನೇ ಕ್ಲಾಸಿನ ಮಗಳು. ಮಾತು ನಿಲ್ಲಿಸದ ಆ ಮಗಳಿಗೆ ಗಿಣಿ ಎಂದೇ ಹೆಸರು ಬಿದ್ದಿತ್ತು. ಈ ಗಿಣಿಗೆ ಹೋದ ಮಳೆಗಾಲದಿಂದ ಒಂದು ಹಟ: ಮಲಗುವಾಗ ಟ್ಯೂಬ್‌ಲೈಟ್ ಆರಿಸಕೂಡದು. ಆರಿಸಿದರೆ ಎದ್ದು ಹಾಕುತ್ತಾಳೆ. ಅವಳು ಮಲಗಿದ ಮೇಲೆ ಆರಿಸೋಣವೆಂದರೆ, ಯಾವ ಮಾಯದಲ್ಲೋ ಎಚ್ಚರವಾಗಿ ಮತ್ತೆ ಹಾಕುತ್ತಾಳೆ. ಪುಟ್ಟ ನೈಟ್‌ಲ್ಯಾಂಪ್ ತಂದರೆ, "ಇದರಲ್ಲಿ ಏನೂ ಕಾಣಲ್ಲ" ಎಂದು ತಳ್ಳಿಬಿಟ್ಟಳು. "ಕತ್ತಲಂದ್ರೆ ಭಯಾನಾ ಪುಟ್ಟಾ?" ಎಂದು ಕೇಳಿದರೆ ಬೇರೆಲ್ಲೋ ನೋಡುತ್ತಾ "ಹೂಂ" ಅನ್ನುವುದು. ಎದುರಿನ ಕಟ್ಟಡದವರು, "ನಿಮ್ಮನೇಲಿ ಯಾರಾದ್ರೂ ದೊಡ್ಡ ಪರೀಕ್ಷೆಗೆ ಓದ್ತಿದ್ದಾರಾ?" ಎಂದು ವಿಚಾರಿಸಿದ್ದೂ ಆಯಿತು.

ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಮಗಳನ್ನು ಶಾಲೆಗೆ ಬಿಟ್ಟು ಹಾಗೇ ಕಾರ್ಖಾನೆಗೆ ಹೋಗಿ, ಓಡುವ ಬೆಲ್ಟಿನ ಮುಂದೆ ನಿಂತೇ ತೂಕಡಿಸುತ್ತಿದ್ದಳು. ಮೊನ್ನೆ ಬ್ರೆಡ್ಡೇ ಇಲ್ಲದ ಖಾಲಿ ಚೀಲಗಳಿಗೆ ಒಂದರ ಹಿಂದೊಂದು ಕ್ಲಿಪ್ ಹಾಕಿ ಕಳಿಸಿ ಎಲ್ಲರೆದುರು ಬೈಸಿಕೊಂಡು ಬಂದಿದ್ದಳು. ಇವನ ಪಾಡಂತೂ ಕೇಳುವುದೇ ಬೇಡ. ಎರಡೂ ಪಾಳಿಯಲ್ಲಿ ಕಗ್ಗತ್ತಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನಿಗೆ ರಾತ್ರಿಯೆಲ್ಲ ಟ್ಯೂಬ್‌ಲೈಟಿನ ಬೆಳಕು. ಶೆಡ್ಡಿನ ಕಪ್ಪು ಪರದೆಯ ತುಂಡೊಂದನ್ನು ತಂದು ಕಣ್ಣಿಗೆ ಕಟ್ಟಿಕೊಂಡು ಮಲಗುತ್ತಿದ್ದ. ಬೆಳಗ್ಗೆ ಏಳುವಾಗ ಅದು ಪಕ್ಕದಲ್ಲಿ ಬಿದ್ದಿರುತ್ತಿತ್ತು. ಎಷ್ಟು ಬಿಗಿಯಾಗಿ ಗಂಟು ಹಾಕಿದರೂ ಅಷ್ಟೇ.

"ನಿದ್ದೇಲಿ ನೀವೇ ಕಿತ್ತುಹಾಕ್ತೀರಿ" ಎನ್ನುತ್ತಿದ್ದಳು ಹೆಂಡತಿ.

"ನಾನ್ಯಾಕೆ ಕೀಳಲಿ? ನಂಗೇನು ತಲೆ ಕೆಟ್ಟಿದ್ಯಾ?"

"ನಿದ್ದೆ ಇಲ್ದೋರಿಗೆ ಕೆಡ್ದೆ ಇನ್ನೇನಾಗುತ್ತೆ?"

ಹೀಗೆ ಬೇಯುತ್ತಿರುವಾಗಲೇ ಅವನಿಗೆ ಹೊಳೆದದ್ದು: ಈ ರೈಡೇ ಮದ್ದು. ಗಿಣಿಯನ್ನು ಒಂದು ಸಲ ಆ ಬಂಡಿಯಲ್ಲಿ ಕೂರಿಸಬೇಕು. ಕತ್ತಲಲ್ಲಿ ಆನೆಮರಿ ಇರುತ್ತದೆ, ಮಿಂಚುಹುಳು ಇರುತ್ತವೆ, ಕೊನೆಗೆ ಚಂದ್ರನಿರುತ್ತಾನೆ ಎಂದು ಅವಳಿಗೆ ಮನವರಿಕೆಯಾದರೆ ಭಯ ತಾನಾಗಿ ಬಿಟ್ಟುಹೋಗುತ್ತದೆ. ಟ್ಯೂಬ್‌ಲೈಟ್ ಆರುತ್ತದೆ. ಮನೆಗೆ ನಿದ್ದೆ ಬರುತ್ತದೆ. ಹೆಂಡತಿಗೂ ಇದನ್ನು ಹೇಳಿದ, ಅವಳೂ ನಂಬಿದಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರಲ್ಲ, ಇಲ್ಲಿ ಇಬ್ಬರೂ ಒಂದೇ ಕಡ್ಡಿ ಹಿಡಿದರು. ಅಂದಿನಿಂದ ಇಡೀ ಮನೆ ಆ ರೈಡ್ ಯಾವಾಗ ಶುರುವಾಗುತ್ತದೆ ಎಂದು ಕಾಯತೊಡಗಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಪಾರ್ಕಿನವರನ್ನು ಮೀರಿಸುವವರಿರಲಿಲ್ಲ. ಶೆಡ್ಡಿಗೆ ಗೋಡೆ ಏಳುವ ಮೊದಲೇ ಗೇಟಿನ ಹತ್ತಿರ ಆನೆಮರಿಯ ಚಿತ್ರ ಬರೆಸಿ 'ಈ ರಜೆಗೆ ಬನ್ನಿ' ಎಂದು ಬೋರ್ಡು ಹಾಕಿದ್ದರು. ಯಾವ ರಜೆ ಎಂದು ಬರೆಯದಿದ್ದದ್ದು ಒಳ್ಳೆಯದೇ ಆಯಿತು. ಒಂದು ರಜೆ ಹೋಯಿತು, ಇನ್ನೊಂದು ಹೋಯಿತು, ಬಿಸಿಲಿಗೆ ಆನೆಮರಿ ಬಿಳುಚಿಕೊಂಡಿತು. ಒಮ್ಮೆ ಹಳಿ ಸರಿಯಿಲ್ಲ, ಇನ್ನೊಮ್ಮೆ ಆನೆಯ ಕಿವಿ ಅಲ್ಲಾಡುವುದಿಲ್ಲ, ಮತ್ತೊಮ್ಮೆ ಚಂದ್ರ ಮೇಲೇರಿದವನು ಇಳಿಯುವುದಿಲ್ಲ.

"ಮತ್ತೆ ಮುಂದಕ್ಕೆ ಹೋಯ್ತು" ಎಂದು ಅವನು ಬಾಗಿಲಲ್ಲೇ ಹೇಳುವುದು.

"ಎಷ್ಟು ಮುಂದಕ್ಕೆ?"

"ಹೇಳ್ಲಿಲ್ಲ."

"ಆಗ್ಲಿ ಬಿಡಿ. ಗಿಣಿ ಮೊಮ್ಮಕ್ಕಳ ಜೊತೆ ಹೋಗಿ ಕೂತ್ಕೊಳ್ಲಿ."

ಇಷ್ಟರ ನಡುವೆ ಗಿಣಿಯೊಂದಿಗೆ ಅವನಿಗೆ ನೆಟ್ಟಗೆ ಮಾತಾಡಲು ಸಿಕ್ಕಿದ್ದು ಒಂದೇ ಬೆಳಗು, ಅದೂ ಬಸ್ಸುಗಳ ಮುಷ್ಕರವಾದದ್ದರಿಂದ. ಅಂದು ಅವಳಿಗೆ ಶೆಡ್ಡಿನ ಒಂದು ಪದ್ಧತಿಯನ್ನು ಹೇಳಿದ್ದ. ಒಳಗೆ ಮೂಲೆಮೂಲೆಯಲ್ಲಿ ಜನ ಕೆಲಸ ಮಾಡುತ್ತಿರುತ್ತಾರೆ. ಕತ್ತಲಲ್ಲಿ ಬಂಡಿ ಬಿಟ್ಟರೆ ಯಾರ ಕಾಲ ಮೇಲೆ ಹರಿಯುತ್ತದೋ ಹೇಳಲಾಗದು. ಅದಕ್ಕೇ ದೊಡ್ಡ ದೀಪ ಆರಿಸುವ ಮುಂಚೆ, ಮತ್ತೆ ಹಾಕುವ ಮುಂಚೆ, ಇವನು "ಯಾರ್ಯಾರಿದ್ದೀರಿ?" ಎಂದು ಕೂಗಬೇಕು. ಒಬ್ಬೊಬ್ಬರೂ ತಾವೆಲ್ಲಿದ್ದೇವೆಂದು ಹೇಳಿ, "ಇದ್ದೀನಿ" ಅನ್ನಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಎಲ್ಲರೂ ಹೇಳುವವರೆಗೆ ಸ್ವಿಚ್ಚು ಮುಟ್ಟುವಂತಿಲ್ಲ.

ಗಿಣಿಗೆ ಇದು ಬಹಳ ಹಿಡಿಸಿತು. ಅಂದಿನಿಂದ ಅಮ್ಮ "ಎಲ್ಲಿ ಸತ್ತೆಯೇ?" ಎಂದು ಕೂಗಿದರೆ, "ಬಚ್ಚಲುಮನೆ, ಇದ್ದೀನಿ!" ಎಂದು ಉತ್ತರ ಬರುತ್ತಿತ್ತು.

ಕೊನೆಗೂ ಒಂದು ದಿನ ಸೂಪರ್‌ವೈಸರ್ ಮೂಟೆಗಳಿಗೆ ರಜೆ ಕೊಟ್ಟ. ಜನರಿಗೆ ಬಿಡುವ ಮೊದಲು ಕೆಲಸದವರ ಮನೆಯವರನ್ನು ಕೂರಿಸಿ ನೋಡುವುದೆಂದಾಯಿತು.

"ಅಂದ್ರೆ ಇಷ್ಟು ದಿನ ಮರಳು, ಈಗ ನಾವು" ಎಂದಳು ಹೆಂಡತಿ. ಆದರೂ ಅವಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೆಗೆದಿಟ್ಟಳು.

ಆ ದಿನ ಅವನಿಗೆ ಒಂದೇ ಚಿಂತೆ. ಹುಡುಗಿ ಒಳಗೆ ಹೋಗಿ ಚೀರಿಕೊಂಡರೆ ಮುಗಿಯಿತು, ಇದ್ದ ಭಯ ಎರಡರಷ್ಟಾಗುತ್ತದೆ; ಮದ್ದೇ ರೋಗವಾದ ಮೇಲೆ ಬೇರೆ ಮದ್ದಿಲ್ಲ. ಜೊತೆಗೆ ಕೂರೋಣವೆಂದರೆ ಅವನಿಗೆ ಅಪ್ಪಣೆಯಿಲ್ಲ. ಹೊಳೆಯ ಕೋಣೆಯಲ್ಲಿ ಆನೆಯ ಹೊಟ್ಟೆಯೊಳಗಿನ ದೀಪ ಆಗಾಗ ಕಣ್ಣು ಮಿಟುಕಿಸುತ್ತಿತ್ತು; ಅದನ್ನು ನೋಡಿಕೊಳ್ಳುತ್ತಾ ಅಲ್ಲೇ ನಿಲ್ಲಬೇಕು.

ಬಂಡಿ ಹತ್ತಿಸುವಾಗ ಗಿಣಿಯ ಮುಂದೆ ಮಂಡಿಯೂರಿ ಹೇಳಿದ: "ಭಯ ಆದ್ರೆ ಅಮ್ಮನ ಕೈ ಹಿಡ್ಕೋ. ಕಣ್ಣು ಮುಚ್ಕೋಬೇಡ. ಆನೆಮರಿ ನೋಡು."

"ನೀನೆಲ್ಲಿರ್ತೀಯ?"

"ಒಳಗೇ. ಹೊಳೆ ಹತ್ರ, ಆನೆ ಹಿಂದೆ."

"ಸರಿ ಹೋಗು" ಎಂದಳು, ಇವನನ್ನೇ ಧೈರ್ಯ ಹೇಳಿ ಕಳಿಸುವವಳಂತೆ.

ಅವನು ಆನೆಯ ಹಿಂದೆ ಹೋಗಿ ನಿಂತ. ಸಂಗೀತ ಶುರುವಾಯಿತು. ಮಿಂಚುಹುಳುಗಳು ಹತ್ತಿಕೊಂಡವು. ಮೊದಲ ಬಂಡಿಯಲ್ಲಿ ಬಣ್ಣ ಬಳಿಯುವವನ ತಾಯಿ, ವಯಸ್ಸಾದ ಹೆಂಗಸು. ಅದರ ಹಿಂದಿನದರಲ್ಲಿ ಇವನ ಹೆಂಡತಿ ಮತ್ತು ಗಿಣಿ. ಅವರ ಹಿಂದೆ ಇನ್ನೂ ಒಂದೆರಡು ಸಂಸಾರ. ಹೊಳೆಯ ದಂಡೆಯಲ್ಲಿ ಸೊಂಡಿಲು ಅಲ್ಲಾಡಿಸುತ್ತಾ ನಿಂತ ಆನೆಮರಿಯನ್ನು ಕಂಡದ್ದೇ ಮುದುಕಿಗೆ ಕರುಳು ಚುರ್ ಎಂದಿತು. "ಅಯ್ಯೋ ನನ್ ಕಂದ, ಒಂಟಿಯಾಗಿ ನಿಂತಿದ್ಯಲ್ಲೋ" ಎಂದು ಬಂಡಿಯಿಂದಾಚೆ ಕೈ ಚಾಚಿ ಸೊಂಡಿಲು ಸವರಲು ಹೋದರು. ಹೊರಗೆ ಕೈ ಬಂದರೆ ಬಂಡಿ ನಿಲ್ಲಿಸುವ ಸೆನ್ಸರ್ ತನ್ನ ಕರ್ತವ್ಯ ಮಾಡಿತು. ಎಲ್ಲ ಬಂಡಿಗಳೂ ಗಕ್ಕನೆ ನಿಂತವು. ಸಂಗೀತ ನಿಂತಿತು, ಮಿಂಚುಹುಳುಗಳು ಸತ್ತವು, ಆನೆಯ ಹೊಟ್ಟೆ ಆರಿಹೋಯಿತು. ಅಷ್ಟು ತಿಂಗಳು ಮೂಟೆ ಕೂರಿಸಿ ಓಡಿಸಿದರಲ್ಲ, ಮೂಟೆಗೆ ಕೈಯಿಲ್ಲ ಎಂಬುದು ಇವನೂ ಸೇರಿದಂತೆ ಒಬ್ಬರಿಗೂ ಹೊಳೆದಿರಲಿಲ್ಲ.

ಅವನು ಇಷ್ಟು ದಿನ ಒಂದೊಂದೇ ತೂತು ಮುಚ್ಚಿ ಮಾಡಿದ ಕತ್ತಲು ಈಗ ಪೂರ್ತಿಯಾಗಿ ಸಿಕ್ಕಿತ್ತು. ತನ್ನ ಕೈ ತನಗೇ ಕಾಣದು. ಗಿಣಿ ಈಗ ಕಿರುಚುತ್ತಾಳೆ, ಈಗ ಕಿರುಚುತ್ತಾಳೆ ಎಂದು ಕಿವಿಯೆಲ್ಲ ಅತ್ತಲೇ. ಮನುಷ್ಯರಾದವರು ಇಂಥ ಹೊತ್ತಿನಲ್ಲಿ "ಗಾಬರಿಯಾಗಬೇಡಿ" ಎನ್ನುತ್ತಾರೆ. ಇವನ ಬಾಯಿಂದ ರೂಢಿಯ ಮಾತೇ ಹೊರಬಿತ್ತು:

"ಯಾರ್ಯಾರಿದ್ದೀರಿ?"

ಆ ಕತ್ತಲಿನ ನಡುವಿನಿಂದ, ಶಾಲೆಯಲ್ಲಿ ಹಾಜರಿ ಹೇಳುವಷ್ಟು ಗಟ್ಟಿಯಾಗಿ ಒಂದು ದನಿ ಬಂತು:

"ಎರಡನೇ ಬಂಡಿ, ಇದ್ದೀನಿ!"

ಯಾರೋ ಕಿಸಕ್ಕೆಂದರು. "ಮೂರನೇ ಬಂಡಿ, ನಾವೂ ಇದ್ದೀವಿ" ಎಂದಿತು ಒಂದು ಗಂಡು ದನಿ. "ನಾನೂ ಇದ್ದೀನಪ್ಪ, ಇನ್ನೂ ಹೋಗಿಲ್ಲ" ಎಂದರು ಮುದುಕಿ. ನಗು ಬಂಡಿಯಿಂದ ಬಂಡಿಗೆ ಹೋಯಿತು. ಅದು ನಿಲ್ಲುವುದಕ್ಕೇ ಕಾದಿದ್ದವಳಂತೆ ಗಿಣಿ ಮತ್ತೆ ಕೂಗಿದಳು:

"ಅಪ್ಪಾ, ನೀನು ಹೇಳ್ಲೇ ಇಲ್ಲ!"

"ಹೊಳೆ ಹತ್ರ, ಆನೆ ಹಿಂದೆ" ಎಂದ ಅವನು. "ಇದ್ದೀನಿ." ಕತ್ತಲಾಗಿದ್ದರಿಂದ ಮುಖ ಯಾರಿಗೂ ಕಾಣಲಿಲ್ಲ.

ದೀಪ ಬಂದು ಎಲ್ಲರೂ ಇಳಿದ ಮೇಲೆ, ಸೆನ್ಸರನ್ನು ಹಿಂದೆ ಸರಿಸಿ, ಆನೆಮರಿಯನ್ನು ಮುದುಕಿಯರ ಕೈಗೆಟುಕದಷ್ಟು ದೂರ ನಿಲ್ಲಿಸಿ, ನಾಡಿದ್ದೇ ಉದ್ಘಾಟನೆ ಎಂದು ಸೂಪರ್‌ವೈಸರ್ ಘೋಷಿಸಿದ. ಇವನಿಗೆ ಸಂಜೆ ಬೇಗ ಮನೆಗೆ ಹೋಗಲು ಬಿಟ್ಟ. ಬಸ್ಸಿನಲ್ಲಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ, ಹಾಯಾಗಿ ನಕ್ಕರು. ಕಗ್ಗತ್ತಲಲ್ಲಿ ಕೂತು ಹಾಜರಿ ಹೇಳಿದ ಹುಡುಗಿಗೆ ಇನ್ನೆಲ್ಲಿಯ ಭಯ! ಅವತ್ತು ಊಟವಾದದ್ದೇ ತಡ, ಹೆಂಡತಿ ಹಾಸಿಗೆ ಹಾಸಿದಳು. ಅವನು ಎದ್ದು, ಎಷ್ಟೋ ತಿಂಗಳ ಮೇಲೆ, ಠೀವಿಯಿಂದ ಟ್ಯೂಬ್‌ಲೈಟ್ ಆರಿಸಿದ.

ಗಿಣಿ ಎದ್ದು ಹೋಗಿ ಹಾಕಿದಳು.

ಅವನು ಮತ್ತೆ ಆರಿಸಿದ. ಅವಳು ಮತ್ತೆ ಹಾಕಿದಳು.

ಆಗ ಅವನ ತಾಳ್ಮೆಯ ಕಟ್ಟೆ ಒಡೆಯಿತು. "ಅಲ್ಲಿ ಅಷ್ಟು ಕತ್ತಲಲ್ಲಿ ಜೋರಾಗಿ ಕೂತಿದ್ದೆಯಲ್ಲೇ! ಇಲ್ಲಿ ಏನು ರೋಗ ನಿಂಗೆ? ನಿಮ್ಮಮ್ಮನ ಕಣ್ಣು ನೋಡು, ಹೇಗೆ ಗುಳಿ ಬಿದ್ದಿದೆ. ನಾವು ಮನುಷ್ಯರಾ, ಏನು ಅಂದ್ಕೊಂಡಿದ್ದೀಯಾ?"

ಗಿಣಿ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗೇ ಇತ್ತು.

"ಅಲ್ಲಿ ನೀನಿದ್ದೆಯಲ್ಲ."

"ಇಲ್ಲೂ ಇದ್ದೀನಲ್ಲೇ!"

"ಇವತ್ತು ಇದ್ದೀಯ. ದಿನಾ ನಾನು ಮಲಗಿದ್ಮೇಲೆ ಬರ್ತೀಯ, ಏಳೋಕೆ ಮುಂಚೆ ಹೋಗ್ತೀಯ. ಲೈಟ್ ಇಲ್ದಿದ್ರೆ ನೀನು ಬಂದಿದ್ದೀಯೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು?"

"ಅಮ್ಮನ್ನ ಕೇಳಿದ್ರೆ ಹೇಳಲ್ವಾ?" ಎಂದಳು ಹೆಂಡತಿ.

"ನೀನು ಸುಳ್ಳು ಹೇಳ್ತೀಯ. ಒಂದ್ಸಲ ಅಪ್ಪ ಬರ್ಲೇ ಇಲ್ಲ. ಕೇಳಿದ್ರೆ, ಬಂದು ಹೋದ್ರು ಅಂದೆ. ಅಪ್ಪನ ತಟ್ಟೆ ಮುಚ್ಚಿಟ್ಟಿದ್ದು ಹಾಗೇ ಇತ್ತು."

ಹೆಂಡತಿ ತಲೆ ತಗ್ಗಿಸಿದಳು. ಅವನು ಮೂಟೆಯ ಮೇಲೆ ಮಲಗಿದ ರಾತ್ರಿ ಅದು. ಬೆಳಬೆಳಗ್ಗೆ ಮಗು ಸಪ್ಪೆ ಮುಖ ಮಾಡಿಕೊಂಡು ಶಾಲೆಗೆ ಹೋಗುವುದು ಬೇಡವೆಂದು, ಬಾಯಿಗೆ ಬಂದದ್ದನ್ನು ಹೇಳಿದ್ದಳು. ಟ್ಯೂಬ್‌ಲೈಟಿನ ಹಟ ಶುರುವಾದದ್ದೂ ಅದರ ಮಾರನೆಯ ದಿನವೇ.

"ಅಂದ್ರೆ ಕತ್ತಲಂದ್ರೆ ಭಯ ಇಲ್ವಾ ನಿಂಗೆ?" ಎಂದ ಅವನು. "ಕೇಳ್ದಾಗೆಲ್ಲ ಹೂಂ ಅಂದೆಯಲ್ಲ?"

"ಅಪ್ಪ ಬಂದಿಲ್ಲ ಅಂದ್ರೆ ಭಯ ಆಗಲ್ವಾ?" ಎಂದಳು ಗಿಣಿ. ಮೂಗು ಒರೆಸಿಕೊಂಡು ಮುಂದುವರಿಸಿದಳು: "ಎಚ್ಚರ ಆದಾಗ ಒಂದ್ಸಲ ನೋಡ್ತೀನಿ, ಮಲ್ಕೋತೀನಿ. ಅಷ್ಟೇ. ನೀನು ಬೇರೆ ಮುಖಕ್ಕೆ ಕಪ್ಪು ಬಟ್ಟೆ ಕಟ್ಕೊಂಡಿರ್ತೀಯ. ಗಂಟು ಬಿಚ್ಚೋಕೆ ಎಷ್ಟು ಕಷ್ಟ ಗೊತ್ತಾ!"

ದೀಪದ ಬುಡದಲ್ಲೇ ಕತ್ತಲು ಎಂಬ ಗಾದೆಯನ್ನು ಅವನು ಎಷ್ಟೋ ಸಲ ಬೇರೆಯವರಿಗೆ ಹೇಳಿ ನಗಿಸಿದ್ದ. ಈಗ ನಗು ಬರಲಿಲ್ಲ. ಮಗಳ ಕತ್ತಲ ಭಯ ಓಡಿಸುತ್ತದೆಂದು ನಂಬಿದ್ದ ರೈಡಿಗಾಗಿಯೇ ಅವನು ಹೊತ್ತಿಗೆ ಮುಂಚೆ ಎದ್ದು ಹೋಗಿದ್ದ, ಹೊತ್ತು ಮೀರಿ ಬಂದಿದ್ದ. ಭಯವನ್ನು ದಿನದಿನಕ್ಕೂ ಬೆಳೆಸಿದವನು ತಾನೇ ಎಂದು ಗೊತ್ತಾದಾಗ ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಹಾಸಿಗೆಯ ಮೇಲೆ ಧೊಪ್ಪನೆ ಕೂತುಬಿಟ್ಟ.

"ಇನ್ಮೇಲೆ ಬೇಗ ಬರ್ತೀಯಾ? ರೈಡ್ ಶುರು ಆಗುತ್ತಲ್ಲ?" ಎಂದು ಗಿಣಿ ಕೇಳಿದಳು.

ಬರುತ್ತೇನೆ ಎನ್ನುವುದು ಎಷ್ಟು ಸುಲಭ! ಮೂಗಿಗೆ ತುಪ್ಪ ಸವರಿ ಮಲಗಿಸಬಹುದಿತ್ತು. ಆದರೆ ಉದ್ಘಾಟನೆಯಾದ ಮೇಲೂ ಬಂಡಿಗಳು ಓಡಿ ಓಡಿ ಗೋಡೆ ಅದುರುತ್ತದೆ, ಟೇಪು ಬಿಡುತ್ತದೆ, ದಿನಾ ಹೊಸ ತೂತು ಹುಟ್ಟುತ್ತದೆ. ಗೇಟು ಮುಚ್ಚಿದ ಮೇಲೆ ಅದನ್ನೆಲ್ಲ ಹುಡುಕುವವನು ಇವನೇ. ಅಲ್ಲದೆ, ಇಲ್ಲದ ಕಡೆ ಇದ್ದೀನಿ ಅನ್ನುವುದು ಅವನ ಕೆಲಸದಲ್ಲಿ ದೊಡ್ಡ ಅಪರಾಧ.

"ಇಲ್ಲ ಪುಟ್ಟಾ" ಎಂದ. "ಇನ್ನೂ ಕೆಲವು ದಿನ ಹೀಗೇ. ಆದ್ರೆ ಎಷ್ಟು ಹೊತ್ತಾದ್ರೂ ಬಂದು ಇಲ್ಲೇ ಮಲಗ್ತೀನಿ. ಬರೋಕಾಗ್ದೇ ಇದ್ರೆ ಅಮ್ಮ ನಿಜ ಹೇಳ್ತಾಳೆ."

"ಹೇಳ್ತೀನಿ" ಎಂದಳು ಹೆಂಡತಿ ಮೆಲ್ಲಗೆ.

ಗಿಣಿ ಅಪ್ಪನ ಮುಖವನ್ನು ಪರೀಕ್ಷೆ ಮಾಡುವವಳಂತೆ ನೋಡಿದಳು. ಆಮೇಲೆ ಬಂದು ಅವನಿಗೂ ಗೋಡೆಗೂ ನಡುವೆ ತನ್ನ ದಿಂಬು ತುರುಕಿದಳು.

"ಮೀಸೆ ತೆಗೀಬೇಡ ಹಾಗಾದ್ರೆ" ಎಂದಳು.

"ಯಾಕೆ?"

"ಕೈಗೆ ಸಿಗ್ಬೇಕಲ್ಲ. ಈಗ ಆರಿಸು. ತಾಳು, ಮೊದ್ಲು ಕೂಗು."

ಅವನು ಸ್ವಿಚ್ಚಿನ ಹತ್ತಿರ ನಿಂತು ಕೂಗಿದ. "ಗೋಡೆ ಪಕ್ಕ, ಇದ್ದೀನಿ" ಎಂದಳು ಗಿಣಿ. "ಬಾಗಿಲ ಹತ್ರ, ಇದ್ದೀನಿ" ಎಂದು ಆಕಳಿಸುತ್ತಾ ಹೇಳಿದ ಹೆಂಡತಿ, ಮಾತು ಮುಗಿಯುವಷ್ಟರಲ್ಲಿ ನಿದ್ದೆ ಹೋಗಿದ್ದಳು. ದೀಪ ಆರಿತು.

ಕಣ್ಣು ಹೊಂದಿಕೊಂಡ ಮೇಲೆ ಬಾಗಿಲಡಿಯ ಸಂದಿನಲ್ಲಿ ಮೆಟ್ಟಿಲ ಮೇಲಿನ ದೀಪದ ಗೆರೆ ಕಂಡಿತು. ಕೈ ತಾನಾಗಿ ಟೇಪಿಗಾಗಿ ಜೇಬು ತಡಕಿತು. ಇರಲಿ ಬಿಡು ಎಂದುಕೊಂಡು ಮಲಗಿದ. ಕಪ್ಪು ಬಟ್ಟೆಯನ್ನು ದಿಂಬಿನಡಿ ತಳ್ಳಿದ. ಮೈಯೆಲ್ಲ ಸೀಸದಂತೆ ಭಾರವಾಗಿ, ತಿಂಗಳುಗಳ ನಿದ್ದೆ ಒಟ್ಟಿಗೇ ಮೇಲೆ ಬಿದ್ದಂತಾಗಿ, ಕಣ್ಣು ಮುಚ್ಚಿಕೊಳ್ಳತೊಡಗಿತು.

ಅಷ್ಟರಲ್ಲಿ ಒಂದು ಪುಟ್ಟ ಕೈ ಕತ್ತಲಲ್ಲಿ ತಡವರಿಸುತ್ತಾ ಬಂತು. ಹಣೆ ಮುಟ್ಟಿತು, ಮೂಗಿನ ಮೇಲಿಂದ ಇಳಿಯಿತು, ಮೀಸೆಯ ಮೇಲೆ ಬಂದು ನಿಂತಿತು. ಅವನು ಇದ್ದೀನಿ ಎನ್ನಲು ಬಾಯಿ ತೆರೆದ; ನಿದ್ದೆ ಬಿಡಲಿಲ್ಲ. ಕೈಗೆ ಅದು ಬೇಕಾಗಿಯೂ ಇರಲಿಲ್ಲ. ಮೀಸೆಯನ್ನು ಎರಡು ಸಲ ಎಳೆದು ನೋಡಿ, ಖಾತ್ರಿ ಮಾಡಿಕೊಂಡು, ಅದು ಹಿಂದಕ್ಕೆ ಹೋಯಿತು.